ಹಳೆಯ ನಾಣ್ಯಗಳನ್ನು ಬೆಳಗಬೇಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ತುಮಕೂರಿನ ಶಾಲೆಯೊಂದರಲ್ಲಿ ನಡೆದ ಮಕ್ಕಳ ಹವ್ಯಾಸ ಪ್ರದರ್ಶನದಲ್ಲಿ ಹಳೆಯ ನಾಣ್ಯಗಳ ಮೂರು ಸಂಗ್ರಹಗಳಿದ್ದವು. ಬಹುಮಾನ ಬಂದದ್ದು ಹುಣಸೆಹಣ್ಣು ಮತ್ತು ಪಾತ್ರೆ ತೊಳೆಯುವ ಪುಡಿ ಹಾಕಿ ಥಳಥಳಿಸುವಂತೆ ಉಜ್ಜಿದ್ದ ಸಂಗ್ರಹಕ್ಕೆ. ಅಜ್ಜನ ಕಾಲದ ಕಂದುಬಣ್ಣದ ಕಾಲಾಣೆಗಳನ್ನು ಇದ್ದ ಹಾಗೆಯೇ ತಂದಿಟ್ಟಿದ್ದ ಹುಡುಗಿಗೆ ‘ಮುಂದಿನ ಸಲ ಸ್ವಚ್ಛ ಮಾಡಿಕೊಂಡು ಬಾ’ ಎಂಬ ಸಲಹೆ ಸಿಕ್ಕಿತು. ನಲವತ್ತು ವರ್ಷಗಳಿಂದ ನಾಣ್ಯ ಸಂಗ್ರಹಿಸುತ್ತಿರುವ ನನಗೆ ಆ ಮಾತು ಕೇಳಿ ನೋವಾಯಿತು. ಆಕೆ ಮಾಡಿದ್ದೇ ಸರಿ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂಬ ದರ್ಜೆ ನಿರ್ಧರಿಸುವಾಗ ಮೊದಲು ನೋಡಬೇಕಾದದ್ದು ಸವೆತ. ಕೈಯಿಂದ ಕೈಗೆ ಓಡಾಡುವಾಗ ಅಚ್ಚಿನಲ್ಲಿ ಎತ್ತರವಾಗಿರುವ ಭಾಗಗಳೇ ಮೊದಲು ತೇಯುತ್ತವೆ: ಬ್ರಿಟಿಷ್ ದೊರೆ ಏಳನೇ ಎಡ್ವರ್ಡನ ರೂಪಾಯಿಯಲ್ಲಿ ಕಿವಿಯ ಮೇಲಿನ ಕೂದಲು, ಅವನ ನಂತರದ ದೊರೆ ಐದನೇ ಜಾರ್ಜನ ರೂಪಾಯಿಯಲ್ಲಿ ಕಿರೀಟದ ಕುಸುರಿ ಮತ್ತು ನಿಲುವಂಗಿಯ ಮೇಲಿನ ಆನೆ. 1911ರ ರೂಪಾಯಿಯಲ್ಲಿ ಈ ಆನೆ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಬಂದದ್ದರಿಂದ 1912ರಲ್ಲಿ ಚಿತ್ರವನ್ನು ತಿದ್ದಲಾಯಿತು. ಸೊಂಡಿಲಿನ ಗೆರೆ ಉಳಿದಿರುವ ನಾಣ್ಯದಲ್ಲಿ ಮಾತ್ರ ಈ ವ್ಯತ್ಯಾಸವನ್ನು ಕಣ್ಣಾರೆ ಕಾಣಬಹುದು. ಸವೆತ ಎಷ್ಟಾಗಿದೆ ಎಂಬುದರ ಮೇಲೆ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್ ಎಂದು ಮೇಲೇರುತ್ತ, ಚಲಾವಣೆಯನ್ನೇ ಕಾಣದ ನಾಣ್ಯವನ್ನು ಅನ್‌ಸರ್ಕ್ಯುಲೇಟೆಡ್ ಎನ್ನುತ್ತಾರೆ. ಆದರೆ ಅಚ್ಚು ಸರಿಯಾಗಿ ಬೀಳದೆ ಮಸುಕಾದ ನಾಣ್ಯವೂ ಸವೆದಂತೆಯೇ ಕಾಣುವುದುಂಟು. ಆಗ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಒಂದೇ ದೀಪದ ಕೆಳಗೆ ನಿಧಾನವಾಗಿ ಅತ್ತಿತ್ತ ವಾಲಿಸಬೇಕು. ಅಚ್ಚಿನ ಒತ್ತಡಕ್ಕೆ ಲೋಹ ಹರಡಿದಾಗ ಮೇಲ್ಮೈಯಲ್ಲಿ ಕೂದಲಿಗಿಂತ ಸಣ್ಣ ಗೆರೆಗಳು ಮೂಡಿರುತ್ತವೆ. ಅವುಗಳ ಮೇಲೆ ಬಿದ್ದ ಬೆಳಕು ಗಾಡಿಯ ಚಕ್ರದ ಅರಗಳಂತೆ ಸುತ್ತುತ್ತದೆ. ಆ ಹೊಳಪು ಮಸುಕಾದ ಜಾಗದಲ್ಲೂ ಇದ್ದರೆ ದೋಷ ಅಚ್ಚಿನದು. ಎತ್ತರದ ಜಾಗದಲ್ಲಿ ಮಾತ್ರ ಅಳಿಸಿ ಬೂದುಬಣ್ಣಕ್ಕೆ ತಿರುಗಿದ್ದರೆ ಅದು ಸವೆತ.

ಬೆಳಗುವವರು ಕಳೆಯುವುದು ಈ ಗೆರೆಗಳನ್ನೇ. ಹುಣಸೆಯ ಹುಳಿ ತಾಮ್ರದ ಮೇಲಿನ ಕಂದು ಪದರವನ್ನು ಕರಗಿಸುತ್ತದೆ, ಪುಡಿ ಮೈತುಂಬ ಗೀರು ಎಳೆಯುತ್ತದೆ. ಮೂಲದ ಹೊಳಪು ಟಂಕಸಾಲೆಯಲ್ಲಿ ಒಮ್ಮೆ ಹುಟ್ಟುವಂಥದ್ದು, ಹೋದರೆ ಮತ್ತೆ ಬಾರದು. ಹದಿನೈದನೇ ವಯಸ್ಸಿನಲ್ಲಿ ನಾನೂ ಅದೇ ತಪ್ಪು ಮಾಡಿದೆ. ಗುಬ್ಬಿಯ ನಮ್ಮ ಅಜ್ಜಿಯ ಮನೆಯಲ್ಲಿ ಸಿಕ್ಕ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ತಾಮ್ರದ ನಾಣ್ಯವನ್ನು ಇಟ್ಟಿಗೆ ಪುಡಿಯಲ್ಲಿ ಉಜ್ಜಿದೆ. ಸಿಂಹದ ಮೇಲೆ ‘ಶ್ರೀ ಚಾಮುಂಡಿ’ ಎಂಬ ಅಕ್ಷರಗಳಿದ್ದವು. ಮೊದಲ ದಿನ ಅದು ಹೊಸ ಕೊಡದ ಹಾಗೆ ಕೆಂಪಗಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಮೈಯೆಲ್ಲ ಕಪ್ಪು ಕಲೆ. ಅಕ್ಷರದ ಅಂಚುಗಳು ಮೊಂಡಾದದ್ದು ಇಂದಿಗೂ ಭೂತಗನ್ನಡಿಯಲ್ಲಿ ಕಾಣುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಬೆಳ್ಳಿ ರೂಪಾಯಿ ಸವೆದದ್ದು ಸಂತೆಯಲ್ಲಿ ಓಡಾಡಿ ಮಾತ್ರವಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಪ್ರತಿವರ್ಷ ಕಳಶದ ಜೊತೆಗೆ ಅದನ್ನೂ ವಿಭೂತಿ ಹಾಕಿ ತಿಕ್ಕುತ್ತೇವೆ. ಒಂದು ತೊಲ, ಅಂದರೆ 11.66 ಗ್ರಾಂ ತೂಗಬೇಕಾದ ರೂಪಾಯಿ ಹೀಗೆ ತಿಕ್ಕಿಸಿಕೊಂಡು 11 ಗ್ರಾಂಗೂ ಕಡಿಮೆಗೆ ಇಳಿದಿರುವುದನ್ನು ನಾನೇ ತೂಗಿ ನೋಡಿದ್ದೇನೆ. ಭಕ್ತಿಗೆ ನನ್ನ ಅಡ್ಡಿಯಿಲ್ಲ. ಪೂಜೆಗೆ ಹೊಸ ಬೆಳ್ಳಿ ನಾಣ್ಯವೊಂದನ್ನು ತಂದಿಟ್ಟುಕೊಂಡು ಹಳೆಯದನ್ನು ಹತ್ತಿಬಟ್ಟೆಯ ಮೇಲೆ ಸುಮ್ಮನೆ ಇಡಬಹುದಲ್ಲವೇ?

ಮಣ್ಣು ಮೆತ್ತಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದೆರಡು ದಿನ ನೆನೆಸಿ, ಉಜ್ಜದೆ ಬಟ್ಟೆಯಿಂದ ಒತ್ತಿ ಒಣಗಿಸಿದರೆ ಸಾಕು. ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ಮಿನಿಂದ ಹತ್ತುವ ಹಸಿರು ಅಂಟನ್ನು ಶುದ್ಧ ಅಸಿಟೋನ್ ತೆಗೆಯುತ್ತದೆ, ಲೋಹವನ್ನು ಮುಟ್ಟುವುದಿಲ್ಲ. ಅದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಒಲೆಯಿಂದ ದೂರ, ಕಿಟಕಿ ತೆರೆದು ಬಳಸಬೇಕು. ತಾಮ್ರದ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಲೋಹವನ್ನೇ ತಿನ್ನುವ ಕಿಲುಬು. ಅಂಥ ನಾಣ್ಯವನ್ನು ಕೂಡಲೇ ಬೇರೆಯಿಟ್ಟು ತಿಳಿದವರಿಗೆ ತೋರಿಸಬೇಕು.

ಮಾರುವವರಲ್ಲೂ ಒಂದು ಬೇಡಿಕೆಯಿದೆ. ನಾಣ್ಯಗಳಿಗೆ 1ರಿಂದ 70ರವರೆಗೆ ಅಂಕ ಕೊಡುವ ವಿದೇಶಿ ಸಂಸ್ಥೆಗಳು, ಕೆಡುವಂತೆ ಉಜ್ಜಿದ ನಾಣ್ಯಕ್ಕೆ ಸಾಮಾನ್ಯವಾಗಿ ಅಂಕವನ್ನೇ ಕೊಡದೆ ‘ಕ್ಲೀನ್ಡ್’ ಎಂದು ಚೀಟಿಯ ಮೇಲೆ ಬರೆಯುತ್ತವೆ. ಇಲ್ಲಿ ಅಂಥದ್ದೇ ನಾಣ್ಯವನ್ನು ‘ಹೊಸದರಂತಿದೆ’ ಎಂದು ನನಗೂ ಒಬ್ಬರು ಮಾರಿದ್ದರು. ಬೆಲೆಯ ಪಕ್ಕದಲ್ಲಿ ‘ತೊಳೆದದ್ದು’ ಎಂದು ಒಂದು ಪದ ಬರೆದರೆ ಕೊಳ್ಳುವವರಿಗೆ ಮೋಸವಾಗುವುದಿಲ್ಲ.

ಆ ಹುಡುಗಿಯ ಮನೆಯವರು ಈ ಪತ್ರ ಓದಿದರೆ, ದಯವಿಟ್ಟು ಆ ಕಾಲಾಣೆಗಳನ್ನು ಈಗಿರುವ ಹಾಗೆಯೇ ಇಟ್ಟುಕೊಳ್ಳಲಿ, ಮುಂದಿನ ವರ್ಷದ ಪ್ರದರ್ಶನಕ್ಕೂ ಹಾಗೆಯೇ ಕಳಿಸಲಿ.

– ನಿವೃತ್ತ ಶಿಕ್ಷಕ, ತುಮಕೂರು