ಕೋಟೆ ಹೈಸ್ಕೂಲಿನಲ್ಲಿ ಒಂದು ರಾತ್ರಿ

ಪ್ರೀತಿಯ ಗೆಳೆಯಾ,

ಪುಣೆಗೆ ಹೋದ ಮೇಲೆ ಮೃದಂಗ ಮುಟ್ಟೇ ಇಲ್ಲ ಅಂದೆಯಲ್ಲ, ಅದು ಮನಸ್ಸಲ್ಲೇ ಉಳಿದಿತ್ತು. ಶನಿವಾರ ರಾತ್ರಿಯಿಂದ ಜಾಸ್ತಿಯೇ ಕಾಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ನಾನೂ ತಮ್ಮನೂ ಕೆ.ಆರ್. ಮಾರ್ಕೆಟ್‌ನಲ್ಲಿ ಅಮ್ಮನಿಗೆ ಹೂವು ತಗೊಂಡು ಮೆಟ್ರೋ ಕಡೆ ಹೊರಟಿದ್ದೆವು. "ಕೋಟೆ ಹೈಸ್ಕೂಲಲ್ಲಿ ರಾಮನವಮಿ ಕಚೇರಿ ನಡೀತಿರುತ್ತೆ, ಸುಮ್ನೆ ಹೋಗಿ ನೋಡೋಣ್ವಾ?" ಅಂದ ಅವನು. ಯಾರು ಹಾಡುತ್ತಾರೆ ಅಂತಲೂ ಗೊತ್ತಿರಲಿಲ್ಲ. ಹೂವಿನ ಪೊಟ್ಟಣ ಹಿಡಿದುಕೊಂಡೇ ಚಾಮರಾಜಪೇಟೆ ಕಡೆ ನಡೆದೆವು. ಕೊನೆಯ ಸಾಲುಗಳಲ್ಲಿ ಜಾಗ ಸಿಕ್ಕಿತು.

ಶ್ರೀರಾಮ ಸೇವಾ ಮಂಡಳಿ ಈ ಉತ್ಸವ ನಡೆಸುತ್ತಿರುವುದು 1939ರಿಂದ. ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ ಎಲ್ಲ ಇಲ್ಲಿ ಹಾಡಿದವರು. ಒಳಗೆ ಬರಲಾಗದವರು ರಸ್ತೆ ಬದಿಯಲ್ಲೇ ಕೂತು ಕೇಳುತ್ತಿದ್ದರು ಅಂತ ನಿಮ್ಮ ತಾತ ಹೇಳುತ್ತಿದ್ದರಲ್ಲ, ಆ ಜಾಗ ದಾಟುವಾಗ ಅವರೇ ನೆನಪಾದರು.

ಮೃದಂಗದವರು ಎಡಗಡೆಗೆ ರವೆ ಕಲಸಿ ಹಚ್ಚಿಕೊಂಡಿದ್ದರು. ಅದೇನು ಅಂತ ತಮ್ಮ ಕೇಳಿದ. ಆ ಭಾರಕ್ಕೇ ನಾದ ಕೆಳಗಿಳಿಯುತ್ತೆ ಅಂತ ನೀನು ಹೇಳಿಕೊಟ್ಟಿದ್ದನ್ನೇ ಹೇಳಿದೆ. ಖರಹರಪ್ರಿಯ ರಾಗ, ಆದಿ ತಾಳ. ಗಾಯಕಿ ಆಲಾಪನೆಯನ್ನು ಎಲ್ಲೂ ಅವಸರ ಮಾಡದೆ ಬೆಳೆಸಿದರು. ಕೃತಿ, ಸ್ವರ ಮುಗಿಸಿ ತನಿ ಬಿಟ್ಟರು, ಅಂದರೆ ಹಾಡು ನಿಲ್ಲಿಸಿ ತಾಳವಾದ್ಯಗಳಿಗೇ ಜಾಗ ಕೊಟ್ಟರು.

ತನಿ ಅಂದರೆ ಎಷ್ಟೋ ಕಡೆ ಕಾಫಿಗೆ ಏಳುವ ಹೊತ್ತು, ಅಲ್ವಾ? ಕಾಲೇಜಿನಲ್ಲಿ ನೀನು ನುಡಿಸುವಾಗ ಜನ ಎದ್ದು ಹೋಗಿದ್ದರು, ಆಗಿನ ನಿನ್ನ ಮುಖ ನಾನು ಮರೆತಿಲ್ಲ. ಇಲ್ಲಿ ನಮ್ಮ ಸುತ್ತಮುತ್ತ ಒಬ್ಬರೂ ಅಲುಗಲಿಲ್ಲ ಕಣೋ. ಮೃದಂಗ ನಿಧಾನಕ್ಕೆ ಶುರುವಾಯಿತು. ಆಮೇಲೆ ಘಟ. ಮೃದಂಗ ಮತ್ತೆ ಬಂದು ತಿಶ್ರ ನಡೆಗೆ, ಮೂರು ಮೂರರ ಎಣಿಕೆಗೆ, ತಿರುಗಿದಾಗ ಮುಂದೆ ಕೂತಿದ್ದ ಅಜ್ಜಿ "ಭಲೇ" ಅಂದರು. ತಾಳ ಹಾಕುತ್ತಿದ್ದ ಅವರ ಕೈ ಮಾತ್ರ ಒಂದು ಚೂರೂ ತಪ್ಪಲಿಲ್ಲ. ಆಮೇಲೆ ಸವಾಲ್ ಜವಾಬ್. ತಾಳದ ಎರಡು ಸುತ್ತು ಇವರು, ಎರಡು ಅವರು. ಅದು ಒಂದಕ್ಕೆ ಇಳಿಯಿತು, ಅರ್ಧಕ್ಕೆ, ಕಾಲಿಗೆ. ಕೊನೆಗೆ ಚರ್ಮ ಯಾವುದು, ಮಣ್ಣು ಯಾವುದು ಅಂತಲೇ ತಿಳಿಯದ ಹಾಗೆ ಎರಡೂ ಕೂಡಿಕೊಂಡವು. ತನಿ ಮುಗಿಯುತ್ತಿದೆ ಅಂತ ಹೇಳುವ ಮೋಹರಾ ಬಂತು. ಮುಕ್ತಾಯ ಮೂರು ಸಲ. ಸರಿಯಾಗಿ ಆ ಜಾಗಕ್ಕೇ ಗಾಯಕಿ ಸಾಹಿತ್ಯ ಎತ್ತಿಕೊಂಡರು. ಚಪ್ಪರ ತುಂಬ ಚಪ್ಪಾಳೆ.

ತಮ್ಮ ಯಾವಾಗಲೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಇರುವವನು. "ಎಡಗೈ ಗುಮ್ಕಿ ಎದೆಗೇ ಬಂದು ತಾಕುತ್ತಲ್ಲ" ಅಂದ. ಫೋನಿನಲ್ಲಿ ಎಷ್ಟು ಕೇಳಿದರೂ ಎಡಬದಿಯ ಆ ಗುಂಯ್ ಅನ್ನುವ ನಾದ ಸಿಗುವುದಿಲ್ಲ. ಎದುರಿಗೆ ಒಬ್ಬರು ಕೂತು ನುಡಿಸಬೇಕು.

ಕಡೆಗೆ ದೇವರನಾಮ, ಮಂಗಳ. ಹಸಿದ ಹೊಟ್ಟೆಯಲ್ಲಿ ವಿ.ವಿ. ಪುರದ ತಿಂಡಿ ಬೀದಿಗೆ ನಡೆದು ಅಕ್ಕಿ ರೊಟ್ಟಿ ತಿಂದೆವು. ದಾರಿಯುದ್ದಕ್ಕೂ ನಿನ್ನ ಮಾತೇ.

ಹಾಗೆ ಜನ ಕೂತು ಕೇಳುವುದನ್ನು ನೀನು ನೋಡಬೇಕು. ಮುಂದಿನ ವರ್ಷ ಯುಗಾದಿಗೇ ಬಂದು ರಾಮನವಮಿ ಕಳೆಯುವ ತನಕ ಇರು. ನಿನ್ನ ಮೃದಂಗ ಅಟ್ಟದ ಮೇಲೆ ಹಾಗೇ ಇದೆ ಅಂತ ನಿಮ್ಮಮ್ಮ ಹೇಳಿದರು. ಚರ್ಮದ ಮುಚ್ಚಿಗೆ ಹಾಳಾಗಿ ಹೋಗಿದೆಯಂತೆ. ನಾನೇ ಒಯ್ದು ಹೊಸದು ಹಾಕಿಸುತ್ತೇನೆ. ಯಾವ ಶ್ರುತಿಗೆ ಮಾಡಿಸಲಿ, ತಿಳಿಸು.

ನಿನ್ನ ಗೆಳೆಯ