ಮಗಳಿಗೊಂದು ಪತ್ರ: ಅಂದಿನ ಆ ‘ಆದರೆ’

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಹಸಿ ಟವೆಲ್ ಹಾಸಿಗೆಯ ಮೇಲೆ ಬಿದ್ದಿತ್ತೆಂದು ಅಳಿಯಂದಿರ ಮೇಲೆ ರೇಗಿದ್ದನ್ನೂ, ಆಮೇಲೆ ಎರಡು ದಿನ ಮಾತು ಬಿಟ್ಟದ್ದನ್ನೂ ಮೊನ್ನೆ ಫೋನಿನಲ್ಲಿ ಹೇಳಿ, “ದಿನವೂ ಪ್ರಾರ್ಥನೆ ಮಾಡುವವಳಿಗೆ ದಿನವೂ ಕೋಪ ಬರುವುದಾದರೆ ಆ ಪ್ರಾರ್ಥನೆಗೇನು ಬೆಲೆ, ಅಮ್ಮಾ?” ಎಂದು ಕೇಳಿದೆ. ನಾನು ಏನೋ ಸಮಾಧಾನದ ಮಾತು ಹೇಳಿ ಜಾರಿಕೊಂಡೆ. ಹಾಗೆ ಜಾರಿಕೊಳ್ಳುವ ಪ್ರಶ್ನೆ ಅದಲ್ಲವೆಂದು ಆಮೇಲೆ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕೋಪ ಬಂದ ಮಾತ್ರಕ್ಕೆ ವಿಶ್ವಾಸ ಸುಳ್ಳಾಗುವುದಿಲ್ಲ. ಕೆಲಸ ಮಾಡಬಾರದೆಂಬ ಕಟ್ಟಳೆಯಿದ್ದ ಸಬ್ಬತ್ ಎಂಬ ವಿಶ್ರಾಂತಿ ದಿನದಲ್ಲಿ ಕೈಬತ್ತಿದವನನ್ನು ಗುಣಪಡಿಸಿದರೆ ತಪ್ಪು ಹೊರಿಸಬೇಕೆಂದು ಹೊಂಚು ಹಾಕಿದ್ದವರನ್ನು ಯೇಸು ಸ್ವಾಮಿ ಕೋಪದಿಂದ ಸುತ್ತಲೂ ನೋಡಿದನೆಂದು ಮಾರ್ಕನು ತನ್ನ ಸುವಾರ್ತೆಯಲ್ಲಿ (3:5) ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಅದೇ ವಾಕ್ಯದಲ್ಲಿ, ಅವರ ಮನಸ್ಸು ಕಲ್ಲಾಗಿದ್ದಕ್ಕೆ ಆತನು ದುಃಖಪಟ್ಟನೆಂದೂ ಇದೆ. ಆ ಕೋಪದ ಬೆನ್ನಿಗೇ ನಡೆದದ್ದು ಒಬ್ಬನ ಕೈ ವಾಸಿಯಾದದ್ದು. ನನ್ನ ಕೋಪಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಾಚಿಕೆಯಾಗುತ್ತದೆ. ಬೇರೆಯವರಿಗಾದ ಅನ್ಯಾಯವನ್ನು ಕಂಡು ಬಂದವು ಬೆರಳೆಣಿಕೆಯಷ್ಟು. ಉಳಿದವೆಲ್ಲ ನನ್ನ ಹೊತ್ತು ಕೆಟ್ಟಿತು, ನನ್ನ ಮಾತು ನಡೆಯಲಿಲ್ಲ, ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದೇ ಬಂದವು.

ಇಂಥ ಕೋಪಕ್ಕೆ, ನಿನೆವೆಗೆ ದೇವರ ಎಚ್ಚರಿಕೆಯನ್ನು ಸಾರಿದ ಪ್ರವಾದಿ ಯೋನನೇ ಸಾಕ್ಷಿ. ನಿನೆವೆ ಪಟ್ಟಣ ನಾಶವಾಗದೆ ಉಳಿಯಿತೆಂದು ಒಮ್ಮೆ ಸಿಟ್ಟು, ನೆರಳು ಕೊಡುತ್ತಿದ್ದ ಗಿಡವನ್ನು ಹುಳು ಕಡಿದು ಒಣಗಿಸಿತೆಂದು ಇನ್ನೊಮ್ಮೆ ಸಿಟ್ಟು. ಎರಡು ಸಲವೂ ದೇವರು ಅವನನ್ನು ಗದರಲಿಲ್ಲ. ನೀನು ಸಿಟ್ಟುಗೊಳ್ಳುವುದು ಸರಿಯೋ ಎಂದು ಕೇಳಿದನು, ಅಷ್ಟೆ. ಸಾಯುವಷ್ಟು ಸಿಟ್ಟುಗೊಂಡರೂ ಸರಿಯೇ ಎಂದು ಅವನು ತಿರುಗಿ ಉತ್ತರ ಕೊಡುತ್ತಾನೆ. (ಅಲ್ಲಿಗೆ ಬಂದಾಗಲೆಲ್ಲ ಹದಿನಾಲ್ಕು ವರ್ಷದ ನೀನು ನೆನಪಾಗಿ ನನಗೆ ನಗು ಬರುತ್ತದೆ.) ಟವೆಲ್ಲಿನ ವಿಷಯದಲ್ಲೂ ಆ ಪ್ರಶ್ನೆಯನ್ನು ಕೇಳಿಕೊಂಡು ನೋಡು: ಸಿಟ್ಟು ಬಂದದ್ದು ಟವೆಲ್ಲಿಗೋ, ನೀನು ದಿನವೆಲ್ಲ ದುಡಿದು ದಣಿದದ್ದನ್ನು ಯಾರೂ ಗಮನಿಸಲಿಲ್ಲ ಎಂಬುದಕ್ಕೋ? ಎರಡನೆಯದಾದರೆ ಅದನ್ನೇ ಬಾಯಿಬಿಟ್ಟು ಹೇಳು. ನುಂಗಿಕೊಂಡಿರು ಎಂದು ನಾನು ಹೇಳುತ್ತಿಲ್ಲ. ಬೈಬಲಿನ ಕೀರ್ತನೆಗಳನ್ನು ಹಾಡಿದವರು ತಮ್ಮ ಸಿಟ್ಟನ್ನೆಲ್ಲ ದೇವರ ಮುಂದೆಯೇ ಸುರಿದರಲ್ಲವೇ?

ಮುಂಗೋಪಿಯನ್ನು ಕಂಡರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತೇವೆ. ಹೀಬ್ರೂ ಭಾಷೆಯಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದವಿದೆ. ವಿಮೋಚನಕಾಂಡ 34:6ರಲ್ಲಿ ನಮ್ಮ ಸತ್ಯವೇದವು, ಅಂದರೆ ಕನ್ನಡ ಬೈಬಲ್, ದೇವರನ್ನು ದೀರ್ಘಶಾಂತನೆಂದು ಕರೆಯುವಲ್ಲಿ ಮೂಲದ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಉದ್ದ ಮೂಗಿನವನು ಎಂದಾಗುತ್ತದಂತೆ! ಕೋಪವು ತುದಿಗೆ ಬರಬೇಕಾದರೆ ಬಹಳ ದೂರ ಸಾಗಬೇಕು ಎಂದು ನಾನು ಅದನ್ನು ನನ್ನ ಪಾಡಿಗೆ ಅರ್ಥಮಾಡಿಕೊಂಡಿದ್ದೇನೆ. ಪಂಡಿತರು ಒಪ್ಪದಿದ್ದರೆ ಬಿಡಲಿ. ಕಿವಿಗೊಡುವುದರಲ್ಲಿ ಬೇಗ, ಮಾತಿನಲ್ಲೂ ಕೋಪದಲ್ಲೂ ನಿಧಾನ ಎಂದು ಯಾಕೋಬನು ತನ್ನ ಪತ್ರದಲ್ಲಿ (1:19) ಹೇಳುವುದೂ ಆ ದೂರವನ್ನು ಉಳಿಸಿಕೊಳ್ಳುವುದಕ್ಕೇ ಇರಬೇಕು.

ಆ ದೂರ ನನ್ನಲ್ಲಿ ಇಲ್ಲದೆ ಹೋದ ದಿನವೊಂದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಿನಗಾಗ ಎಂಟು ವರ್ಷ. ನನ್ನ ಲೆಕ್ಕದ ಪುಸ್ತಕದ ಮೇಲೆ ನೀರಿನ ಲೋಟ ಉರುಳಿಸಿದೆ. ನಾನು ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ನೀನು ಅಳಲಿಲ್ಲ, ಫ್ಯಾನಿನ ಕೆಳಗೆ ಕುಳಿತು ಫ್ರಾಕಿನ ಅಂಚಿನಿಂದ ಒಂದೊಂದೇ ಹಾಳೆಯನ್ನು ಒತ್ತಿ ಒತ್ತಿ ಒರೆಸುತ್ತಿದ್ದೆ, ಬೆರಳಿಗೆಲ್ಲ ಶಾಯಿ ಹತ್ತಿತ್ತು. ಅಂದು ಕೆಲಸದ ಜಾಗದಲ್ಲಿ ಮೇಲಿನವರೊಬ್ಬರು ಎಲ್ಲರೆದುರು ನನ್ನನ್ನು ಹೀಯಾಳಿಸಿದ್ದರು. ಅವರಿಗೆ ತಿರುಗಿ ಹೇಳಲಾರದ್ದನ್ನು ತಂದು ನಿನಗೆ ಹೇಳಿದ್ದೆ. ರಾತ್ರಿ ಮೊಣಕಾಲೂರಿ ಕರ್ತನ ಪ್ರಾರ್ಥನೆ ಹೇಳುತ್ತ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎಂಬಲ್ಲಿಗೆ ಬಂದಾಗ ನಾಲಿಗೆ ಏಳಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗಬೇಕೆಂದು ಸ್ವಾಮಿ ಹೇಳಿದ್ದು (ಮತ್ತಾಯ 5:23-24) ನೆನಪಾಗಿ, ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ನೀನು ನಿದ್ದೆ ಹೋಗಿದ್ದೆ. ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಎಂದು ಪೌಲನು ಎಫೆಸದವರಿಗೆ (4:26) ಬರೆದದ್ದೇಕೆಂದು ಆ ರಾತ್ರಿ ತಿಳಿಯಿತು. ನನ್ನ ಸಿಟ್ಟು ಎಂದೋ ಇಳಿದಿತ್ತು, ನಿನ್ನ ಪಾಲಿಗೆ ಬಂದದ್ದು ನಿನ್ನ ಜೊತೆಯಲ್ಲೇ ಮಲಗಿತ್ತು.

ಬೆಳಿಗ್ಗೆ ಕ್ಷಮೆ ಕೇಳಿದೆ. “ಅಮ್ಮನದು ತಪ್ಪಾಯಿತು, ಆದರೆ ನೀನೂ ಲೋಟವನ್ನು ನೋಡಿಕೊಂಡು ಇಡಬೇಕಿತ್ತು” ಎಂದೆ. ನೀನು ತಲೆಯಾಡಿಸಿದೆ. ಆಮೇಲೆ ಎಷ್ಟೋ ವರ್ಷ, ನಾನು ಮೇಜಿನ ಬಳಿ ಕುಳಿತಿದ್ದರೆ ನೀನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ದೂರದಿಂದ ಬಳಸಿಕೊಂಡು ಹೋಗುತ್ತಿದ್ದೆ. ನಾನು ಅದನ್ನು ನೋಡಿಯೂ ಸುಮ್ಮನಿದ್ದೆ. ಅಂದಿನ ಆ ‘ಆದರೆ’ಯನ್ನೂ ಅದರ ಮುಂದಿನ ಮಾತನ್ನೂ ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ, ಮಗಳೇ. ತಪ್ಪು ನನ್ನದೇ.

ಇಂತು,
ನಿನ್ನ ಅಮ್ಮ