ಗುರಿಗೂ ಗಂಟೆಗೂ ಲೆಕ್ಕ ಕೂಡಲಿ

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳಲ್ಲಿ ಹೊಸಬರನ್ನು ಬರಮಾಡಿಕೊಳ್ಳುವ ಓರಿಯೆಂಟೇಶನ್ ಕಾರ್ಯಕ್ರಮಗಳು ಶುರುವಾಗಿವೆ. ಹಾರ, ಶಾಲು ಮುಗಿದ ಮೇಲಿನ ಭಾಷಣದಲ್ಲಿ ಒಂದು ಕತೆ ಬಂದೇ ಬರುತ್ತದೆ. 1953ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶೇ 3ರಷ್ಟು ವಿದ್ಯಾರ್ಥಿಗಳು ಮಾತ್ರ ತಮ್ಮ ಗುರಿಯನ್ನು ಬರೆದಿಟ್ಟಿದ್ದರಂತೆ. ಇಪ್ಪತ್ತು ವರ್ಷದ ಮೇಲೆ ನೋಡಿದರೆ ಉಳಿದ ಶೇ 97 ಮಂದಿಯ ಒಟ್ಟು ಆಸ್ತಿಗಿಂತ ಇವರದೇ ಹೆಚ್ಚಿತ್ತಂತೆ. ಅಂಥ ಅಧ್ಯಯನ ನಡೆದೇ ಇಲ್ಲ. ಹುಡುಕಿ ನೋಡಿದರೂ ದಾಖಲೆ ಸಿಗಲಿಲ್ಲವೆಂದು ಯೇಲ್‌ನವರೇ ಹೇಳಿದ್ದಾರೆ. ಆದರೂ ಕತೆ ಮೈಸೂರಿನ ಸಭಾಂಗಣಗಳಲ್ಲಿ ಇನ್ನೂ ಚಪ್ಪಾಳೆ ಗಿಟ್ಟಿಸುತ್ತಿದೆ. 'ದೊಡ್ಡ ಗುರಿ ಇಟ್ಟುಕೊಳ್ಳಿ' ಎಂದು ಹೇಳಿ ಕಾರು ಹತ್ತುವವರು ಆ ಗುರಿಗೆ ವಾರದಲ್ಲಿ ಎಷ್ಟು ಗಂಟೆ ಸಿಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಆ ಲೆಕ್ಕ ಹೀಗಿದೆ. ಕೆ.ಆರ್. ಪೇಟೆ ಅಥವಾ ಮಳವಳ್ಳಿ ಕಡೆಯಿಂದ ದಿನವೂ ಮೈಸೂರಿಗೆ ಬಂದುಹೋಗುವ ವಿದ್ಯಾರ್ಥಿಯನ್ನು ತೆಗೆದುಕೊಳ್ಳಿ. ವಾರಕ್ಕೆ 168 ಗಂಟೆ. ನಿದ್ದೆಗೆ 56. ಕಾಲೇಜಿಗೆ ಆರು ದಿನ ಆರಾರು ಗಂಟೆ, ಅಂದರೆ 36. ಬಸ್ಸಿಗೆ ಕಾಯುವುದೂ ಸೇರಿ ಓಡಾಟಕ್ಕೆ ದಿನಕ್ಕೆ 3ರಂತೆ 18. ಊಟ, ಸ್ನಾನ, ಡೇರಿಗೆ ಹಾಲು ಹಾಕುವುದು, ಮನೆಗೆಲಸ ಎಂದು ದಿನಕ್ಕೆ 4ರಂತೆ 28. ಉಳಿದದ್ದು 30. ಅದರಲ್ಲಿ ಮೊಬೈಲಿಗೆ ದಿನಕ್ಕೆ ಎರಡು ಗಂಟೆ (ಇದು ಉದಾರವಾಗಿ ಕಡಿಮೆ ಹಿಡಿದದ್ದು) ಕಳೆದರೆ ಕೈಯಲ್ಲಿರುವುದು 16. 'ದಿನಕ್ಕೆ ಐದು ಗಂಟೆ ಓದುತ್ತೇನೆ' ಎಂದು ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ ಎರಡನೇ ವಾರಕ್ಕೆ ಸಾಯುವುದು ಸೋಮಾರಿತನದಿಂದಲ್ಲ. ಆ 35 ಗಂಟೆ ಮೊದಲೇ ಇರಲಿಲ್ಲ.

ಇರುವ 16 ಗಂಟೆಯನ್ನೂ ಪೂರ್ತಿ ಹಂಚಿಬಿಡಬಾರದು. ಕೆಲಸಕ್ಕೆ ಬೇಕಾಗುವ ಸಮಯವನ್ನು ಮನುಷ್ಯ ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 33.9 ದಿನದಲ್ಲಿ ಮುಗಿಸುತ್ತೇವೆ ಎಂದಿದ್ದರು, ಹಿಡಿದದ್ದು 55.5 ದಿನ. ಎಲ್ಲವೂ ಕೆಟ್ಟರೆ ಎಷ್ಟಾಗಬಹುದು ಎಂದು ಕೇಳಿದಾಗ ಅವರು ಕೊಟ್ಟ ಉತ್ತರವೂ 48.6 ದಿನ, ನಿಜ ಅದನ್ನೂ ಮೀರಿತು. ಅಂದಾಜಿನ ಒಂದೂವರೆ ಪಟ್ಟಿಗಿಂತ ಹೆಚ್ಚು. ಈ ಅಳತೆಯಲ್ಲಿ 16 ಗಂಟೆ ಇದ್ದವರು 10 ಗಂಟೆಯ ಕೆಲಸ ಮಾತ್ರ ಒಪ್ಪಿಕೊಳ್ಳುವುದು ಜಾಣತನ.

ಹತ್ತೇ ಗಂಟೆಯೇ ಎಂದು ಹುಬ್ಬೇರಿಸಬೇಡಿ. ಹದಿನಾರು ವಾರದ ಸೆಮಿಸ್ಟರಿನಲ್ಲಿ ದಸರಾ ರಜೆ, ಇಂಟರ್ನಲ್‌ಗಳು (ಕಾಲೇಜಿನ ಆಂತರಿಕ ಪರೀಕ್ಷೆಗಳು), ಊರಹಬ್ಬ, ಜ್ವರ ಎಂದು ನಾಲ್ಕು ವಾರ ಬಿಟ್ಟರೂ 12 ವಾರಕ್ಕೆ 120 ಗಂಟೆ ಆಯಿತು. ಐದು ಪತ್ರಿಕೆಗಳಿದ್ದರೆ ಒಂದಕ್ಕೆ 24. ನಾಲ್ಕು ಘಟಕದ ಪತ್ರಿಕೆಯಾದರೆ ಘಟಕಕ್ಕೆ 6 ಗಂಟೆ. ಮೂರು ಗಂಟೆ ಓದಿ ಟಿಪ್ಪಣಿ ಮಾಡಲಿ. ಎರಡು ಗಂಟೆ ಪುಸ್ತಕ ಮುಚ್ಚಿ ಹಳೆಯ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಲಿ. ಕೊನೆಯ ಒಂದು ಗಂಟೆಯನ್ನು ಮೂರು ವಾರ ಬಿಟ್ಟು ಅದೇ ಘಟಕಕ್ಕೆ ಮರಳಲು ಇಟ್ಟುಕೊಳ್ಳಲಿ. ನಮ್ಮ ಮಕ್ಕಳು ಸಾಮಾನ್ಯವಾಗಿ ಆರೂ ಗಂಟೆಯನ್ನು ಓದಿದ್ದನ್ನೇ ಓದಲು, ಹಳದಿ ಹೈಲೈಟರ್ ಎಳೆಯಲು ಸುರಿಯುತ್ತಾರೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿರುತ್ತಾರೆ. ವಾರ ಕಳೆದ ಮೇಲೆ ಮುಂದಿರುವವರು ನೆನಪು ಮಾಡಿಕೊಂಡು ಬರೆದವರು. ಹಿಂದಿನ ರಾತ್ರಿ 'ಎಲ್ಲಾ ಬಂತು' ಅನ್ನಿಸಿ, ಹಾಲ್‌ನಲ್ಲಿ ಕೈ ಕಟ್ಟುವುದಕ್ಕೆ ಇದೇ ಕಾರಣ.

ಅಂಕದ ಗುರಿಗೂ ಗಣಿತವಿದೆ. ಮೊದಲ ಎರಡು ಸೆಮಿಸ್ಟರಿನಲ್ಲಿ ಹತ್ತಕ್ಕೆ ಸರಾಸರಿ 6.2 ಬಂದವರು ಆರನೆಯದರ ಹೊತ್ತಿಗೆ 7.5 ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿ) ಮುಟ್ಟಬೇಕಾದರೆ (ಕ್ರೆಡಿಟ್ ಸಮವೆಂದು ಹಿಡಿದರೆ) ಉಳಿದ ನಾಲ್ಕರಲ್ಲಿ ಸರಾಸರಿ 8.15 ಬೇಕು. ಕಷ್ಟ, ಆದರೆ ಆಗುತ್ತದೆ. ನಾಲ್ಕು ಸೆಮಿಸ್ಟರ್ 6.2ರಲ್ಲೇ ಕಳೆದು ಅಂತಿಮ ವರ್ಷದಲ್ಲಿ ಎಚ್ಚೆತ್ತರೆ ಬೇಕಾದ್ದು 10.1, ಹತ್ತಕ್ಕೆ ಹತ್ತು ಬಂದರೂ ಸಾಲದು. ಹಾಜರಾತಿಯೂ ಇಷ್ಟೇ ನಿರ್ದಯಿ. ವಾರಕ್ಕೆ ನಾಲ್ಕು ತರಗತಿಯ ಪತ್ರಿಕೆಗೆ 16 ವಾರದಲ್ಲಿ 64 ತರಗತಿ, ಕನಿಷ್ಠ ಬೇಕಾದ ಶೇ 75 ಅಂದರೆ 48. ಬಸ್ಸು ತಡವಾಗಿ ವಾರಕ್ಕೊಂದು ಮೊದಲ ಪೀರಿಯಡ್ ತಪ್ಪಿದರೆ ಬಿಡಬಹುದಾದ 16 ಅಲ್ಲಿಗೇ ಮುಗಿದವು. ಆಮೇಲೆ ಒಂದು ದಿನ ಜ್ವರ ಬಂದರೂ ಶಾರ್ಟೇಜ್ ಪಟ್ಟಿಯಲ್ಲಿ ಹೆಸರು. ಅಂಥವರ ಮೊದಲ ಗುರಿ ಡಿಸ್ಟಿಂಕ್ಷನ್ ಅಲ್ಲ, ಇನ್ನೂ ಮುಂಚಿನ ಬಸ್ಸು.

ಗುರಿಯನ್ನು ಬರೆಯುವ ರೀತಿಯ ಬಗ್ಗೆ ಗಟ್ಟಿ ಸಂಶೋಧನೆ ಇರುವುದು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಅವರದು. 'ಕೈಲಾದಷ್ಟು ಮಾಡುತ್ತೇನೆ' ಎಂಬುದಕ್ಕಿಂತ ನಿರ್ದಿಷ್ಟವಾದ, ತುಸು ಕಷ್ಟದ ಗುರಿ ಹೆಚ್ಚು ಕೆಲಸ ತೆಗೆಯುತ್ತದೆ ಎಂದು ಅವರು ತೋರಿಸಿದರು. ಭಾಷಣಕಾರರು ಇಲ್ಲಿಗೇ ನಿಲ್ಲುತ್ತಾರೆ. ಅದೇ ಸಂಶೋಧನೆಯ ಇನ್ನೊಂದು ಭಾಗವನ್ನು ಯಾರೂ ಹೇಳುವುದಿಲ್ಲ: ಕೆಲಸವೇ ಹೊಸದು, ಜಟಿಲವಾದದ್ದು ಎಂದಾದರೆ ಫಲಿತಾಂಶದ ಗುರಿ ತೊಡಕಾಗುತ್ತದೆ, ಕಲಿಕೆಯ ಗುರಿ ನೆರವಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದು ಮೊದಲ ಸಲ ಇಂಗ್ಲಿಷಿನಲ್ಲಿ ಬಿ.ಎಸ್ಸಿ. ಓದುವ ಹುಡುಗಿಗೆ 'ಭೌತಶಾಸ್ತ್ರದಲ್ಲಿ 80' ಎಂಬ ಗುರಿ ದಿಗಿಲು ಹುಟ್ಟಿಸುತ್ತದೆ ಅಷ್ಟೆ. 'ಈ ವಾರ ನಾಲ್ಕು ಡೆರಿವೇಶನ್, ಪ್ರತಿ ಹಂತ ಏಕೆಂದು ಕನ್ನಡದಲ್ಲಿ ಹೇಳಿ ಇಂಗ್ಲಿಷಿನಲ್ಲಿ ಬರೆಯುವುದು' ಎಂಬುದನ್ನು ಅವಳು ಮಾಡಬಲ್ಲಳು; ಅಂಕದ ಮಾತು ಮೊದಲ ಇಂಟರ್ನಲ್ ಆದಮೇಲೆ. ಜೊತೆಗೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಹೇಳಿದ 'ಹೀಗಾದರೆ ಹೀಗೆ' ಎಂಬ ಒಂದು ಸಾಲು ಸೇರಲಿ: ಸಂಜೆ ಮನೆ ತಲುಪಿ ಕಾಫಿ ಕುಡಿದ ಕೂಡಲೇ ಲೆಕ್ಕದ ಪುಸ್ತಕ ತೆಗೆಯುತ್ತೇನೆ; ಬಸ್ಸು ಸಿಗದಿದ್ದರೆ ನಿಲ್ದಾಣದಲ್ಲೇ ಹತ್ತು ಪ್ರಶ್ನೆಗೆ ಮನಸ್ಸಿನಲ್ಲಿ ಉತ್ತರ ಹೇಳಿಕೊಳ್ಳುತ್ತೇನೆ. ಬಸ್ಸಿನಲ್ಲಿ ನಿಂತುಕೊಂಡು ಓದುತ್ತೇನೆ ಎಂದು ಮಾತ್ರ ಬರೆಯಬೇಡಿ, ಒಂದು ಕೈ ಕಂಬಿ ಹಿಡಿದಿರುತ್ತದೆ.

ವೈಯಕ್ತಿಕ ಗುರಿಗಳು ಎರಡಕ್ಕಿಂತ ಹೆಚ್ಚು ಬೇಡ, ಅದರಲ್ಲೊಂದು ಕಾಗದಪತ್ರದ್ದಾಗಿರಲಿ. ವಿದ್ಯಾರ್ಥಿವೇತನ ಬರದಿರಲು ಬಡತನದ ಪುರಾವೆ ಇಲ್ಲದಿರುವುದಕ್ಕಿಂತ ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೆಸರು ಬೇರೆಯಾಗಿರುವುದು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗದಿರುವುದು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು ಹೆಚ್ಚಾಗಿ ಕಾರಣ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ತೆರೆಯುವ ಮುನ್ನವೇ ನಾಡಕಚೇರಿಗೂ ಬ್ಯಾಂಕಿಗೂ ಹೋಗಿಬರುವುದನ್ನು ದಿನಾಂಕ ಹಾಕಿ ಬರೆದುಕೊಳ್ಳಬೇಕು. ಕೆಎಎಸ್ ಕನಸಿನವರಿಗೆ ಒಂದು ಮಾತು: ಪದವಿ ಮುಗಿಯಬೇಕು, 21 ವರ್ಷ ತುಂಬಬೇಕು. ಪ್ರಥಮ ವರ್ಷದಲ್ಲೇ ತರಗತಿ ಬಿಟ್ಟು ಕೋಚಿಂಗ್‌ಗೆ ಸೇರಿದರೆ ಎರಡೂ ಕೈತಪ್ಪುತ್ತವೆ.

ಭಾನುವಾರ ಅರ್ಧ ಗಂಟೆ ಕೂತು ಮೂರು ಅಂಕಣ ತುಂಬಲಿ: ಅಂದುಕೊಂಡದ್ದು, ಆದದ್ದು, ಆಗದಿದ್ದರೆ ಏಕೆ. 'ಏಕೆ' ಎಂಬಲ್ಲಿ 'ಮನಸ್ಸಿರಲಿಲ್ಲ' ಎಂದು ಬರೆದರೆ ಉಪಯೋಗವಿಲ್ಲ. 'ಮಂಗಳವಾರ ನಾಟಿ ಕೆಲಸ, ರಾತ್ರಿ ಹತ್ತಕ್ಕೆ ಮಲಗಿದೆ' ಎಂದರೆ ಮುಂದಿನ ಮಂಗಳವಾರ ಖಾಲಿ ಬಿಡಬಹುದು. ಸತತ ಎರಡು ವಾರ ಒಂದೇ ಗುರಿ ಕೆಟ್ಟರೆ ಅದನ್ನು ಅರ್ಧಕ್ಕೆ ಇಳಿಸಬೇಕು. ಹೆಚ್ಚಿನವರು ತಪ್ಪಿದ್ದನ್ನೂ ಸೇರಿಸಿ ದುಪ್ಪಟ್ಟು ಮಾಡುತ್ತಾರೆ, ಮೂರನೇ ವಾರ ಹಾಳೆಯನ್ನೇ ಹರಿದು ಹಾಕುತ್ತಾರೆ.

ಇಷ್ಟಕ್ಕೂ ವಿದ್ಯಾರ್ಥಿ ಒಬ್ಬನೇ ಲೆಕ್ಕ ಹಾಕಲಾರ. ಇಂಟರ್ನಲ್ ದಿನಾಂಕವನ್ನು ನಾಲ್ಕು ದಿನ ಮುಂಚೆ ನೋಟಿಸ್ ಬೋರ್ಡಿಗೆ ಹಾಕುವ ಕಾಲೇಜಿನಲ್ಲಿ ಯೋಜನೆ ಮಾಡುವುದು, ನಾಲೆಗೆ ನೀರು ಬಿಡುವ ದಿನ ಗೊತ್ತಿಲ್ಲದೆ ಭತ್ತದ ಒಟ್ಲು ಹಾಕಿದಂತೆ. ಸೆಮಿಸ್ಟರಿನ ಮೊದಲ ವಾರದಲ್ಲೇ ಪರೀಕ್ಷೆ, ಅಸೈನ್‌ಮೆಂಟ್ ದಿನಾಂಕಗಳನ್ನೂ ಪ್ರತಿ ಘಟಕಕ್ಕೆ ಎಷ್ಟು ತರಗತಿ ಎಂಬುದನ್ನೂ ಒಂದು ಹಾಳೆಯಲ್ಲಿ ಕೊಡಲಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವಾಗ ಮಾತ್ರ ದೂಳು ಕೊಡವಿಸಿಕೊಳ್ಳುವ ಮೆಂಟರಿಂಗ್ ಫೈಲಿನಲ್ಲಿ ಸಹಿಗಳ ಬದಲು ಈ ಮೂರು ಅಂಕಣದ ಹಾಳೆಗಳಿರಲಿ. ಓರಿಯೆಂಟೇಶನ್ ಭಾಷಣದಿಂದ ಒಂದು ಗಂಟೆ ಕತ್ತರಿಸಿ, ಪ್ರತಿಯೊಬ್ಬರೂ ತಮ್ಮ 168 ಗಂಟೆಯ ಲೆಕ್ಕವನ್ನು ಕೂತಲ್ಲೇ ಬರೆಯುವಂತೆ ಮಾಡಲು ಪ್ರಾಂಶುಪಾಲರು ಈ ವರ್ಷವೇ ಮನಸ್ಸು ಮಾಡಬೇಕೆಂದು ಕೋರುತ್ತೇವೆ.

— ಪದವಿ ಕಾಲೇಜು ಅಧ್ಯಾಪಕರ ಒಂದು ಬಳಗ, ಮೈಸೂರು